ನಲವತ್ತೈದು ಹಿಡಿ ಅಕ್ಕಿ

ಕನಕಪುರ ತಾಲ್ಲೂಕಿನ ಹಾರೋಬೆಲೆ ನಮ್ಮೂರು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂತೆಂದರೆ ನಮ್ಮವ್ವ, ಅಕ್ಕಿಯಾಗಲಿ ರಾಗಿಹಿಟ್ಟಾಗಲಿ, ಒಲೆಗೆ ಇಡುವ ಮುಂಚೆ ಒಂದು ಹಿಡಿ ತೆಗೆದು ಗಡಿಗೆಗೆ ಹಾಕುತ್ತಿದ್ದಳು. ಈಸ್ಟರ್‌ಗೆ ಅದು ಚರ್ಚಿಗೆ, ಅಲ್ಲಿಂದ ಇಲ್ಲದವರ ಮನೆಗೆ. ನಾನು ಪೀಣ್ಯಕ್ಕೆ ಬಂದು ಇಪ್ಪತ್ತು ವರ್ಷವಾದರೂ ಆ ರೂಢಿ ಬಿಟ್ಟಿಲ್ಲ. ಚೊಕ್ಕಸಂದ್ರದ ಬಾಡಿಗೆ ಮನೆಯಲ್ಲಿ ಗಡಿಗೆಯ ಜಾಗಕ್ಕೆ ಸ್ಟೀಲ್ ಡಬ್ಬಿ ಬಂದಿದೆ, ಅಷ್ಟೇ.

2020ರಲ್ಲಿ ತಪಸ್ಸು ಕಾಲದ ಮೊದಲ ದಿನ, ವಿಭೂತಿ ಬುಧವಾರ, ಫೆಬ್ರವರಿ 26ಕ್ಕೆ ಬಿತ್ತು. ನಮ್ಮ ಕಥೋಲಿಕರ ಕಟ್ಟಳೆ ಕಠಿಣವೇನಲ್ಲ. 18ರಿಂದ 59 ವರ್ಷದವರು ವಿಭೂತಿ ಬುಧವಾರ, ಶುಭ ಶುಕ್ರವಾರ ಒಂದೇ ಹೊತ್ತು ಹೊಟ್ಟೆ ತುಂಬ ಉಣ್ಣಬೇಕು. ಇನ್ನೆರಡು ಹೊತ್ತು ಅಲ್ಪಸ್ವಲ್ಪ. ನಾನು ಉಳಿದ ಶುಕ್ರವಾರಗಳನ್ನೂ ಸೇರಿಸಿಕೊಂಡಿದ್ದೆ. ಒಳಗೊಳಗೇ ಅದರ ಹೆಮ್ಮೆಯೂ ಇತ್ತು.

ಮೊದಲ ಶುಕ್ರವಾರ, 28ನೇ ತಾರೀಖು. ಒಂದು ಗಂಟೆಗೆ ಕಾರ್ಖಾನೆಯಲ್ಲಿ ಮಷೀನ್‌ಗಳು ನಿಂತವು, ಎಲ್ಲರೂ ಊಟದ ಡಬ್ಬಿ ಬಿಚ್ಚಿದರು. ಸಾರಿನ ವಾಸನೆ ತಡೆಯಲಾಗದೆ ನಾನು ಶೆಡ್ಡಿನ ಹಿಂದೆ, ಸ್ಕ್ರ್ಯಾಪ್ ಸುರಿಯುವ ಕಡೆ ಹೋದೆ. ಅಲ್ಲಿ ದೇವದುರ್ಗದ ಹೆಲ್ಪರ್ ಹುಡುಗ ಆಗಲೇ ಒಂದು ಕಲ್ಲಿನ ಮೇಲೆ ಕೂತಿದ್ದ. ಕೂಲೆಂಟ್ ಮೆತ್ತಿದ ಕೈಯಲ್ಲಿ ನೀರಿನ ಬಾಟ್ಲಿ. ನನ್ನನ್ನು ಕಂಡು ಸರಿದು ಜಾಗ ಕೊಟ್ಟ.

“ಯಾಕ್ರಿ ಸರ, ನಿಮಗೂ ಇವತ್ತ ಊಟ ಇಲ್ಲೇನ್ರಿ?”

ಉಪವಾಸ ಎಂದೆ. “ಯಾವ ದೇವರಿಗ್ರಿ?” ಯೇಸುಸ್ವಾಮಿಗೆ ಎಂದೆ. ಭಕ್ತಿಯಿಂದ ತಲೆಯಾಡಿಸಿದ.

ಅವನ ಸಂಬಳ ಆಗುವುದು ಏಳಕ್ಕೆ. ಊರಿಗೆ ಕಳಿಸಿ ಉಳಿದದ್ದು ಇಪ್ಪತ್ತೈದರ ಹೊತ್ತಿಗೆ ಮುಗಿಯುತ್ತಿತ್ತು. ತಿಂಗಳ ಕೊನೆಯ ಮಧ್ಯಾಹ್ನಗಳಲ್ಲಿ ಅವನು ಅಲ್ಲಿ ಬಂದು ಕೂರುವುದು ಒಂದೂವರೆ ವರ್ಷದಿಂದ ನಡೆದಿತ್ತು. ಅವನ ಹಾಜರಿ ಬರೆಯುವವನು ನಾನೇ. ಅಂದು ಹೋಟೆಲಿಗೆ ಕರೆದೊಯ್ದು ಊಟ ಕೊಡಿಸಿದೆ. ನಾನೂ ಹಸಿದು ಎದ್ದು ಹೋಗಿರದಿದ್ದರೆ ಆ ಸ್ಕ್ರ್ಯಾಪ್ ಗುಡ್ಡೆಯ ಪಕ್ಕದ ಕಲ್ಲು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಮಾರ್ಚ್ 25ಕ್ಕೆ ಲಾಕ್‌ಡೌನ್. ಕಾರ್ಖಾನೆ, ಚರ್ಚು, ಬಸ್ಸು ಎಲ್ಲ ಬಂದ್. ನಮ್ಮ ಡಬ್ಬಿಗೆ ಮಾತ್ರ ದಿನಕ್ಕೊಂದು ಹಿಡಿ ಬೀಳುತ್ತಲೇ ಇತ್ತು. ಈಸ್ಟರ್‌ಗೆಂದು ತೆಗೆದಿಟ್ಟದ್ದು, ಮುಂಚೆಯೇ ಕೊಡಬಹುದೆಂದು ನನಗೆ ಹೊಳೆಯಲಿಲ್ಲ. ಏಪ್ರಿಲ್ 10, ಶುಭ ಶುಕ್ರವಾರ ಬೆಳಿಗ್ಗೆ ಹುಡುಗನ ಫೋನ್ ಬಂತು. “ಕೆಲಸ ಯಾವಾಗ ಸುರು ಆಗ್ತದ್ರಿ ಸರ?” ಅಷ್ಟೇ ಕೇಳಿದ. ಕೆದಕಿದ ಮೇಲೆ ಗೊತ್ತಾಯಿತು, ಯಾರೋ ಹಂಚಿದ ದಿನಸಿ ಮುಗಿದು ಎರಡು ದಿನವಾಗಿತ್ತು. ನೆಲಗದರನಹಳ್ಳಿಯಲ್ಲಿ ಅವನಿದ್ದ ಶೀಟಿನ ರೂಮು ನಡೆದು ಹೋಗುವಷ್ಟು ಹತ್ತಿರ. ಲಾಕ್‌ಡೌನ್ ಆದ ಮೇಲೂ ಹದಿನಾರು ದಿನ ಆ ಅಕ್ಕಿ ನನ್ನ ಮನೆಯಲ್ಲಿತ್ತು.

ಡಬ್ಬಿ ಹಿಡಿದು ಹೋದೆ. ಆರು ಜನ ಇದ್ದರು. ಒಬ್ಬ ಅಕ್ಕಿಯನ್ನು ಬೋಗುಣಿಗೆ ಸುರಿದು, ಬೆರಳಾಡಿಸಿ, ಕಣ್ಣಳತೆಯಲ್ಲೇ ಹೇಳಿದ: “ಅನ್ನ ಮಾಡಿದ್ರ ಇವತ್ತಿಗಷ್ಟ. ಗಂಜಿ ಮಾಡಿದ್ರ ನಾಳಿಗೂ ಬರ್ತದ.” ನನ್ನ ತಪಸ್ಸು ಕಾಲದ 45 ಹಿಡಿ, ಆರು ಜನಕ್ಕೆ ಒಂದು ದಿನ.

2024ರಲ್ಲಿ ಲೋಕದಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರೆಂದು ವಿಶ್ವಸಂಸ್ಥೆಯ ಲೆಕ್ಕ ಓದಿದಾಗ ನನಗೆ ನೆನಪಾದದ್ದು ಅಕ್ಕಿಯಲ್ಲಿ ಆಡಿದ ಆ ಬೆರಳು. ಹಿಂದೆಲ್ಲ ಊಟಕ್ಕೆ ಕೂತಾಗ ಇಲ್ಲದವರನ್ನು ನೆನೆದು, ನಮಗಾದರೂ ಕೊಟ್ಟೆಯಲ್ಲ ದೇವರೇ ಎನ್ನುತ್ತಿದ್ದೆ. ಆ ಪ್ರಾರ್ಥನೆ ಆ ಶುಭ ಶುಕ್ರವಾರದಿಂದ ಬಾಯಿಗೆ ಬಂದಿಲ್ಲ. ಬೇರೆಯವರ ಖಾಲಿ ತಟ್ಟೆ ನೋಡಿ ನನ್ನ ತಟ್ಟೆಗೆ ಸ್ತೋತ್ರ ಹೇಳಲು ನಾಲಿಗೆ ಏಳುವುದಿಲ್ಲ. ಈಗ ನಮ್ಮ ಡಬ್ಬಿ ಈಸ್ಟರ್‌ಗೆ ಕಾಯುವುದಿಲ್ಲ, ಪ್ರತಿ ಶನಿವಾರ ಖಾಲಿಯಾಗುತ್ತದೆ.

ಅಂದು ಆ ರೂಮಿನವರು ಗಂಜಿ ಮಾಡಲಿಲ್ಲ. ಸರ ಬಂದಾರ ಎಂದು ಅನ್ನವನ್ನೇ ಇಟ್ಟರು. ಜೊತೆಗೆ ಖಾರದಪುಡಿ, ಹೆಚ್ಚಿದ ಈರುಳ್ಳಿ. ಬಡಿಸುವಾಗ ಹುಡುಗನಿಗೆ ನೆನಪಾಯಿತು.

“ಇವತ್ತ ಸುಕ್ರವಾರ ಅಲ್ರಿ, ನಿಮ್ಮದು ಉಪವಾಸ?”

ಒಂದು ಹೊತ್ತು ಉಣ್ಣಬಹುದು ಎಂದೆ. ಮೊದಲ ತಟ್ಟೆ ನನ್ನ ಮುಂದಿಟ್ಟ.