ಬೀಸುಬಲೆಯ ಸೀಸದ ಗುಂಡುಗಳನ್ನು ಮನೆಯಲ್ಲಿ ಎರಕ ಹೊಯ್ಯುವ ಕ್ರಮ

ಬೀಸುಬಲೆಯ ಅಂಚಿನ ಗುಂಡುಗಳು ಕೆರೆಯ ಕಲ್ಲಿಗೆ ಸಿಕ್ಕಿ ಆಗಾಗ್ಗೆ ಕಳಚಿಹೋಗುತ್ತವೆ. ಗುಂಡಿಲ್ಲದ ಕಡೆ ಅಂಚು ಮೇಲಕ್ಕೆದ್ದು, ಆ ಸಂದಿನಿಂದ ಮೀನು ನುಸುಳಿಹೋಗುವುದು. ಆದಕಾರಣ ಹಳೆಯ ಸೀಸವನ್ನು ಕರಗಿಸಿ ಮನೆಯಲ್ಲಿಯೇ ಗುಂಡು ಹೊಯ್ದುಕೊಳ್ಳುವವರುಂಟು. ಕೆಲಸವು ಕಷ್ಟವಾದುದಲ್ಲ. ಆದರೆ ಸೀಸವು ವಿಷವಸ್ತು. ಮಕ್ಕಳ ರಕ್ತದಲ್ಲಿ ಇಷ್ಟಿದ್ದರೆ ಬಾಧಕವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲ. ಚಿಕ್ಕ ಮಕ್ಕಳೂ ಗರ್ಭಿಣಿಯರೂ ಇರುವ ಮನೆಯವರು ಸುಟ್ಟ ಮಣ್ಣಿನ ಗುಂಡನ್ನಾಗಲಿ ಕಬ್ಬಿಣದ ಬಳೆಯನ್ನಾಗಲಿ ಕಟ್ಟಿಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಒಂದೊಂದೇ ಗುಂಡನ್ನು ಹೊಯ್ಯುವ ಅಚ್ಚಿನಿಂದ ಒಂದು ಬಲೆಗೆ ಬೇಕಾದಷ್ಟು ಮಾಡಲು ದಿನವೆಲ್ಲ ಹಿಡಿಯುವುದು. ಅಳಗುಳಿಮಣೆಯಂತೆ ಸಾಲಾಗಿ ಆರು ಗುಳಿಗಳುಳ್ಳ ಅಚ್ಚು ಇದಕ್ಕೆ ಉತ್ತಮ. ದಾರದ ತೂತಿಗಾಗಿ ಆರು ಗುಳಿಗಳ ನಡುವೆಯೂ ಹಾದುಹೋಗುವ ಒಂದು ಉಕ್ಕಿನ ಕಡ್ಡಿಯಿರಬೇಕು. ಅದು ತುದಿಗೆ ಹೋದಂತೆ ಕೊಂಚ ಸಪುರವಾಗಿರತಕ್ಕದ್ದು. 2 ಘನ ಸೆಂಟಿಮೀಟರ್ ಹಿಡಿಸುವ ಗುಳಿಯಲ್ಲಿ ಸುಮಾರು 23 ಗ್ರಾಂ ತೂಕದ ಗುಂಡು ಬರುವುದು. 1 ಕಿಲೋಗ್ರಾಂ ಸೀಸದಿಂದ ನಲವತ್ತಕ್ಕೆ ಮೇಲ್ಪಟ್ಟು ಗುಂಡುಗಳಾಗುವುವು.

ಇಂತಹ ಅಚ್ಚಿನ ಅನನುಕೂಲವೆಂದರೆ ಅದರ ಭಾರ. 12 ಸೆಂಟಿಮೀಟರ್ ಉದ್ದ, 5 ಅಗಲ, 4 ಎತ್ತರದ ಕಬ್ಬಿಣದ ಅಚ್ಚು ಹಿಡಿಗಳನ್ನು ಬಿಟ್ಟೇ 1.8 ಕಿಲೋಗ್ರಾಂ ತೂಗುವುದು. ಅದೇ ಅಳತೆಯ ಅಲ್ಯೂಮಿನಿಯಂ ಅಚ್ಚು 0.6 ಕಿಲೋಗ್ರಾಂ ಮಾತ್ರ. ಕಬ್ಬಿಣದ್ದನ್ನು ಕೈಯಲ್ಲಿ ಎತ್ತಿಹಿಡಿದು ಹೊಯ್ಯುವವನ ಮಣಿಕಟ್ಟು ಅರ್ಧ ಗಂಟೆಯಲ್ಲಿ ಸೋತು, ಸೀಸವು ಕಾಲ ಮೇಲೆ ಚೆಲ್ಲುವುದು. ಆದುದರಿಂದ ಸೌಟಿನ ಎತ್ತರಕ್ಕೆ ಸರಿಯಾದ ಕಲ್ಲುಕಟ್ಟೆಯ ಮೇಲೆ ಅಚ್ಚನ್ನು ಊರಿಯೇ ಹೊಯ್ಯಬೇಕು. ಹತ್ತಿಯ ಬಟ್ಟೆ, ಮುಚ್ಚಿದ ಪಾದರಕ್ಷೆ, ಚರ್ಮದ ಕೈಗವಸು, ಕನ್ನಡಕ ಇವಿಲ್ಲದೆ ಕೆಲಸಕ್ಕೆ ಕೂರಕೂಡದು.

ಎಲ್ಲಕ್ಕಿಂತ ಹೆಚ್ಚಿನ ಅಪಾಯವು ನೀರಿನಿಂದ. ಕುದಿದ ನೀರು ಆವಿಯಾಗುವಾಗ ಸುಮಾರು 1,600 ಪಟ್ಟು ಹಿಗ್ಗುವುದು. ಕರಗಿದ ಸೀಸದೊಳಗೆ ಒಂದು ಹನಿ ಸಿಕ್ಕಿಕೊಂಡರೂ ಬಾಣಲೆಯ ಸೀಸವೆಲ್ಲ ಮುಖಕ್ಕೆ ಸಿಡಿಯಬಹುದು. ಬಲೆಯಿಂದ ಬಿಚ್ಚಿದ ಹಳೆಯ ಗುಂಡುಗಳ ತೂತಿನಲ್ಲಿ ಕೆಸರೂ ನೀರೂ ಇರುತ್ತವೆ. ಹೊರಗೆ ಒಣಗಿದಂತೆ ಕಂಡರೂ ನಂಬಬಾರದು. ತೂತನ್ನು ತಂತಿಯಿಂದ ಚೊಕ್ಕಟ ಮಾಡಿ, ಹಲವು ದಿನ ಬಿಸಿಲಿನಲ್ಲಿ ಒಣಗಿಸಿ, ಬೆಂಕಿ ಹೊತ್ತಿಸುವುದಕ್ಕೆ ಮುಂಚೆಯೇ ತಣ್ಣಗಿನ ಬಾಣಲೆಗೆ ಹಾಕತಕ್ಕದ್ದು. ಕರಗಿದ ಸೀಸಕ್ಕೆ ಮೇಲಿಂದ ಹೊಸ ಚೂರನ್ನು ಎಂದಿಗೂ ಸೇರಿಸಕೂಡದು. ಮಳೆಗಾಲದಲ್ಲಿ ಈ ಕೆಲಸವನ್ನು ಇಟ್ಟುಕೊಳ್ಳದಿರುವುದೇ ವಿವೇಕ. ಮೋಟಾರಿನ ಬ್ಯಾಟರಿಯ ಫಲಕಗಳನ್ನಂತೂ ಮುಟ್ಟಲೇಬಾರದು. ಅವುಗಳಲ್ಲಿ ಆಮ್ಲವೂ ಬೇರೆ ವಿಷಗಳೂ ಇವೆ.

ಗಾಳಿಯಾಡುವ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡದೆ ಪಕ್ಕವಾಗಿ ಕುಳಿತು ಕರಗಿಸಬೇಕು. ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. 370 ರಿಂದ 400 ಡಿಗ್ರಿಯಲ್ಲಿ ಎರಕವು ಚೆನ್ನಾಗಿ ಓಡುವುದು. ಮೇಲ್ಮೈಯಲ್ಲಿ ಹಳದಿ, ನೇರಿಳೆ ಬಣ್ಣಗಳು ಆಡತೊಡಗಿದರೆ ಉರಿಯನ್ನು ತಗ್ಗಿಸಿರಿ. ಸತುವು 419 ಡಿಗ್ರಿಯವರೆಗೆ ಕರಗದೆ ತೇಲುವುದರಿಂದ, ಅದರ ಚೂರುಗಳಿದ್ದರೆ ಆಗಲೇ ತೆಗೆದುಬಿಡಬಹುದು.

ಗುಳಿಗಳಿಗೂ ಕಡ್ಡಿಗೂ ದೀಪದ ಮಸಿಯನ್ನು ತೆಳ್ಳಗೆ ಹಿಡಿಸಿ, ಅಚ್ಚನ್ನು ಕುಲುಮೆಯ ಅಂಚಿನಲ್ಲಿಟ್ಟು ಕಾಯಿಸಿರಿ. ಕಬ್ಬಿಣದ ಅಚ್ಚು ಕಾಯಲು ಬಹಳ ಹೊತ್ತು ಬೇಕು. ಇಲ್ಲಿ ಅವಸರಪಡುವವರೇ ಹೆಚ್ಚು. ದೂರದ ಗುಳಿಯಿಂದ ಮೊದಲ್ಗೊಂಡು ತನ್ನ ಕಡೆಗೆ ಹೊಯ್ಯುತ್ತಾ ಬಂದು, ಪ್ರತಿಯೊಂದರ ಮೇಲೂ ಕೊಂಚ ಸೀಸ ನಿಲ್ಲುವಂತೆ ಬಿಡಬೇಕು. ತಣಿಯುವಾಗ ಕುಗ್ಗುವ ಗುಂಡು ಅದರಿಂದ ತುಂಬಿಕೊಳ್ಳುವುದು. ಮೇಲಿನ ಹೊಳಪು ಮಾಸಿದ ಮೇಲೆ ಮೇಲುತಗಡನ್ನು ಮರದ ಕೊಡತಿಯಿಂದ ತಟ್ಟಿ ಸರಿಸಿ, ಕಡ್ಡಿಯನ್ನು ತಿರುಚಿ ಎಳೆದು, ಬಳಿಕ ಅಚ್ಚನ್ನು ಬಿಡಿಸಿ ದಪ್ಪ ಬಟ್ಟೆಯ ಮೇಲೆ ಗುಂಡುಗಳನ್ನು ಉದುರಿಸಿರಿ. ಗುಂಡು ಸುಕ್ಕುಗಟ್ಟಿದ್ದರೆ ಅಚ್ಚು ತಣ್ಣಗಿದೆ. ಬೆಳ್ಳಗೆ ಮಂಜು ಹಿಡಿದಂತಿದ್ದರೆ ಅತಿಯಾಗಿ ಕಾದಿದೆ. ಸುಕ್ಕಿನ ಗುಂಡೂ ಬಲೆಗೆ ಸಲ್ಲುವುದು, ಮೀನಿಗೆ ಅದರ ಅಂದ ಬೇಕಿಲ್ಲ.

ವಿಷವು ಹೊಗೆಗಿಂತ ಹೆಚ್ಚಾಗಿ ಬೂದಿಯಂತಹ ಕಿಟ್ಟದ ಧೂಳಿನಿಂದ ಕೈಗೂ ಬಟ್ಟೆಗೂ ಅಂಟಿ ಬಾಯಿಗೆ ಸೇರುವುದು. ಕೆಲಸದ ನಡುವೆ ಎಲೆಯಡಿಕೆ, ಬೀಡಿ ಕೂಡದು. ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯುವ ಪದ್ಧತಿಯನ್ನು ಬಿಡಬೇಕು. ಬಾಣಲೆ ಸೌಟುಗಳನ್ನು ಮತ್ತೆ ಅಡುಗೆಮನೆಗೆ ಒಯ್ಯಬಾರದು. ಎಲ್ಲವೂ ತಣಿದ ಬಳಿಕ ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರಸಿ, ಸಾಬೂನಿನಿಂದ ಸ್ನಾನಮಾಡಿ, ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯತಕ್ಕದ್ದು. ಕಿಟ್ಟವನ್ನು ತಿಪ್ಪೆಗಾಗಲಿ ಕೆರೆಗಾಗಲಿ ಎಸೆಯದೆ, ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಸೀಸವನ್ನು ಶುದ್ಧಿಮಾಡಲು ಪರವಾನಗಿಯುಳ್ಳ ಕಾರ್ಖಾನೆಗೆ ಸೇರಿಸುವವರ ವಶಕ್ಕೆ ಒಪ್ಪಿಸಿರಿ.