ಸಲಹೆ ಪೆಟ್ಟಿಗೆಗೆ ಚೀಟಿ ಯಾಕೆ ಬೀಳುತ್ತಿಲ್ಲ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಮಷಿನ್‌ ಶಾಪ್‌ ಇದೆ, ಹೈಡ್ರಾಲಿಕ್‌ ವಾಲ್ವ್‌ ಬಾಡಿಗಳನ್ನು ಮಾಡುತ್ತೇವೆ. ಅಪ್ಪ ಕಟ್ಟಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಸುಮಾರು ನಲವತ್ತು ಜನ ಕೆಲಸಗಾರರು. ಎಲ್ಲರೂ ಸಲಹೆ ಕೊಡಲಿ ಎಂದು ಗೇಟಿನ ಹತ್ತಿರ ಪೆಟ್ಟಿಗೆ ಇಟ್ಟೆ. ಆರು ತಿಂಗಳಾದರೂ ಬಂದದ್ದು ಒಂದೇ ಚೀಟಿ: ‘ಚಹಾ ಸರಿ ಇಲ್ಲ.’ ಅಪ್ಪನ ಕಾಲದಿಂದ ಇರುವ ಕಾಕಾ ಒಬ್ಬರು ಅಡ್ಡ ರಂಧ್ರದ ಒಳಗೆ ಲೋಹದ ಚೂರಾಗಿ ಉಳಿಯುವ ಬರ್‌ ತೆಗೆಯಲು ಹಳೆಯ ಹ್ಯಾಕ್ಸಾ ಬ್ಲೇಡ್‌ ಮಸೆದು ಕೊಕ್ಕೆ ಮಾಡಿಕೊಂಡಿದ್ದರಂತೆ. ಸೂಪರ್‌ವೈಸರ್‌ ಬೈದ ಮೇಲೆ ಅವರೂ ಸುಮ್ಮನಾಗಿದ್ದಾರೆ. ನಮ್ಮ ಜನಕ್ಕೆ ಯೋಚಿಸುವ ಅಭ್ಯಾಸವೇ ಇಲ್ಲವೇ? ನಗದು ಬಹುಮಾನ ಇಟ್ಟರೆ ಸರಿಹೋದೀತೇ?
– ಹೆಸರು ಬೇಡ, ಬೆಳಗಾವಿ

ಉತ್ತರ: ನಿಮಗೆ ಬಂದದ್ದು ಒಂದಲ್ಲ, ಎರಡು ಸಲಹೆ. ಒಂದು ಚೀಟಿಯಲ್ಲಿ ಬಂತು, ಇನ್ನೊಂದು ಬ್ಲೇಡಿನಲ್ಲಿ. ಮೊದಲನೆಯದಕ್ಕೆ ಉತ್ತರ ಸಿಗಲಿಲ್ಲ, ಎರಡನೆಯದಕ್ಕೆ ಬೈಗುಳ ಸಿಕ್ಕಿತು. ನಲವತ್ತು ಜನ ಇದನ್ನು ನೋಡಿದ್ದಾರೆ. ಅವರು ಯೋಚಿಸಿಯೇ ಸುಮ್ಮನಿದ್ದಾರೆ.

ಚಹಾದಿಂದಲೇ ಶುರು ಮಾಡಿ. ಅದನ್ನು ಸಣ್ಣ ಮಾತೆಂದು ತಳ್ಳಿಹಾಕಬೇಡಿ. ಇಂಥದ್ದನ್ನು ಹೇಳಿದರೆ ಮಾಲೀಕರು ಕೇಳುತ್ತಾರೋ ಇಲ್ಲವೋ ಎಂದು ಯಾರೋ ಒಬ್ಬರು ಪರೀಕ್ಷಿಸಿದ್ದಾರೆ. ಈ ವಾರವೇ ಚಹಾ ಸರಿಪಡಿಸಿ. ಯಾರೋ ಹೇಳಿದ್ದಕ್ಕೆ ಬದಲಾಯಿಸಿದೆವು ಎಂದು ಬೋರ್ಡಿನ ಮೇಲೆ ನಿಮ್ಮ ಕೈಯಾರೆ ಬರೆಯಿರಿ.

ಇನ್ನು ಕಾಕಾ ಅವರ ವಿಷಯ. ಎರಡು ರಂಧ್ರಗಳು ಒಳಗೆ ಕೂಡುವ ಕಡೆ ನಿಲ್ಲುವ ಬರ್‌ ಕಣ್ಣಿಗೆ ಬೀಳುವುದಿಲ್ಲ, ಮಾಮೂಲಿ ಫೈಲ್‌ ಅಲ್ಲಿಗೆ ಹೋಗುವುದಿಲ್ಲ. ಮುಂದೆ ಅದು ಎಣ್ಣೆಯ ಒತ್ತಡಕ್ಕೆ ಕಳಚಿಕೊಂಡರೆ ವಾಲ್ವಿನೊಳಗೆ ಜಾರುವ ಸ್ಪೂಲ್‌ ಜಾಮ್‌ ಆಗುತ್ತದೆ, ಗಿರಾಕಿ ಇಡೀ ಲಾಟ್‌ ವಾಪಸ್‌ ಕಳಿಸುತ್ತಾನೆ. ನಿಮ್ಮ ಧಂದೆಯ ಅಸಲಿ ತಲೆನೋವಿಗೇ ಅವರು ಕೈಹಾಕಿದ್ದಾರೆ. ಆದರೆ ಸೂಪರ್‌ವೈಸರ್‌ ಹೆದರಿಕೆಯೂ ಸುಳ್ಳಲ್ಲ. ಕೈಯಿಂದ ಮಸೆದ ಬ್ಲೇಡ್‌ ಬೋರಿಗೆ ಗೀರು ಹಾಕಿದರೆ ರಿಜೆಕ್ಷನ್‌ ಅವರ ತಲೆಗೇ ಬರುತ್ತದೆ. ಆದ್ದರಿಂದ ತೀರ್ಪು ಕೊಡಲು ಹೋಗಬೇಡಿ. ಇಬ್ಬರನ್ನೂ ಮಷಿನ್‌ ಹತ್ತಿರ ಕರೆದು, ಹತ್ತು ಸ್ಕ್ರ್ಯಾಪ್‌ ಪೀಸಿನ ಮೇಲೆ ಕೊಕ್ಕೆ ಆಡಿಸಿ ನೋಡಲು ಹೇಳಿ. ತಪಾಸಣೆ ಸೂಪರ್‌ವೈಸರ್‌ ಮಾಡಲಿ. ಪಾಸಾದರೆ ಆ ಟೂಲಿಗೆ ಕಾಕಾ ಅವರ ಹೆಸರಿಡಿ. ಆಗಲಿಲ್ಲವೆಂದರೆ ಯಾಕೆ ಆಗಲಿಲ್ಲ ಎಂಬುದನ್ನು ನೀವೇ ಅವರ ಎದುರು ಕೂತು ಹೇಳಿ. ಮೊನ್ನೆ ಬೈಸಿಕೊಂಡದ್ದಕ್ಕೆ ‘ತಪ್ಪಾಯ್ತು ಕಾಕಾ’ ಅನ್ನಲು ಹಿಂಜರಿಯಬೇಡಿ.

ಸೂಪರ್‌ವೈಸರ್‌ಗೆ ಸ್ವಲ್ಪ ಅಧಿಕಾರವನ್ನೂ ಕೊಡಿ. ಡ್ರಾಯಿಂಗಿನ ಅಳತೆಗೂ ಮಷಿನ್ನಿನ ಸೇಫ್ಟಿ ಗಾರ್ಡಿಗೂ ಕೈಹಚ್ಚದ, ಸಾವಿರ ರೂಪಾಯಿಯೊಳಗಿನ ಯಾವ ಪ್ರಯೋಗಕ್ಕಾದರೂ ಅವರೇ ಹೂಂ ಅನ್ನಬಹುದು ಎಂದು ಹೇಳಿಬಿಡಿ. ಇಲ್ಲದಿದ್ದರೆ ಕೆಲಸಗಾರರು ಕೊಡುವ ಪ್ರತಿ ಸಲಹೆಯೂ ಅವರಿಗೆ ತಮ್ಮ ಮೇಲಿನ ದೂರಿನ ಹಾಗೆ ಕೇಳಿಸುತ್ತದೆ.

ನೀವು ಬರೆಯದೇ ಬಿಟ್ಟ ಒಂದು ಮಾತು ನನ್ನನ್ನು ಹೆಚ್ಚು ಕಾಡುತ್ತಿದೆ. ಕೊಕ್ಕೆಯಿಂದ ಕೆಲಸ ಬೇಗ ಮುಗಿದರೆ ಉಳಿದ ಹೊತ್ತು ಯಾರದ್ದು? ನಾಳೆಯೇ ಟಾರ್ಗೆಟ್‌ ಏರುತ್ತದೆ, ಇಲ್ಲವೇ ಒಬ್ಬ ಹೆಲ್ಪರ್‌ ಮನೆಗೆ ಹೋಗುತ್ತಾನೆ ಎಂಬ ಅನುಮಾನವಿದ್ದರೆ ಯಾವ ಜಾಣನೂ ಬಾಯಿ ಬಿಡುವುದಿಲ್ಲ. ಸಲಹಾ ಪದ್ಧತಿಗೆ ಹೆಸರಾದ ಟೊಯೋಟಾ ಕೂಡ ಈ ಗಾಯವನ್ನು ಕಂಡದ್ದೇ. 1950ರಲ್ಲಿ ಕಾರ್ಮಿಕರನ್ನು ಕಡಿಮೆ ಮಾಡುವ ವಿಚಾರಕ್ಕೆ ಅಲ್ಲಿ ದೊಡ್ಡ ಮುಷ್ಕರವಾಗಿ, ಕಂಪನಿ ಕಟ್ಟಿದ ಕಿಯಿಚಿರೊ ಟೊಯೊಡಾ ಅವರೇ ರಾಜೀನಾಮೆ ಕೊಡಬೇಕಾಯಿತು. ಅಮೆರಿಕದ ಫೋರ್ಡ್‌ ಕಾರ್ಖಾನೆಯಲ್ಲಿ ಕಂಡ ಸಲಹಾ ಪದ್ಧತಿಯನ್ನು ಟೊಯೋಟಾದವರು ತಮ್ಮಲ್ಲಿ ಶುರು ಮಾಡಿದ್ದು ಮರುವರ್ಷ, 1951ರಲ್ಲಿ. ಕೆಲಸ ಉಳಿಯುತ್ತದೆ ಎಂಬ ಭರವಸೆ ಗಟ್ಟಿಯಾದಂತೆ ಸಲಹೆಗಳೂ ಬೆಳೆದವು ಎಂದೇ ನಾನು ಆ ಇತಿಹಾಸವನ್ನು ಓದುತ್ತೇನೆ. ಹಾಗಾಗಿ ಸಲಹೆಯಿಂದ ಉಳಿದ ಸಮಯಕ್ಕೆ ಯಾರ ಕೆಲಸವೂ ಹೋಗುವುದಿಲ್ಲ, ವರ್ಷದ ತನಕ ಟಾರ್ಗೆಟ್‌ ಏರುವುದಿಲ್ಲ ಎಂದು ಬರೆದು ಗೋಡೆಗೆ ಹಚ್ಚಿ. ಪಾಲಿಸಲು ಆಗುವುದಿಲ್ಲವೆಂದರೆ ಪೆಟ್ಟಿಗೆಯನ್ನೇ ತೆಗೆದುಬಿಡಿ.

ನಗದು ಬಹುಮಾನಕ್ಕೆ ನನ್ನ ಮನಸ್ಸು ಅರ್ಧ ಮಾತ್ರ ಒಪ್ಪುತ್ತದೆ. ಐದು ಸಾವಿರ ಇಟ್ಟರೆ ‘ಅದು ನನ್ನ ಐಡಿಯಾ’ ಎಂಬ ಜಗಳ ಶುರುವಾಗುತ್ತದೆ. ಜಾರಿಗೆ ಬಂದ ಪ್ರತಿ ಸಲಹೆಗೂ ಒಂದೇ ಸಣ್ಣ ಮೊತ್ತ ಕೊಡಿ. ಪಕ್ಕದಲ್ಲಿ ನಿಂತು ನೆರವಾದವರಿಗೂ ಅದರಲ್ಲಿ ಪಾಲಿರಲಿ.

ಕೊನೆಗೆ ಇನ್ನೊಂದು. ನಿಮ್ಮಲ್ಲಿ ಒಡಿಶಾ, ಬಿಹಾರದಿಂದ ಬಂದ ಹುಡುಗರೂ ಇರಬಹುದು, ಬರೆಯುವುದೆಂದರೆ ಹಿಂಜರಿಯುವ ಹಿರಿಯರೂ ಇರಬಹುದು. ಅವರಿಂದ ಚೀಟಿ ನಿರೀಕ್ಷಿಸಬೇಡಿ. ವಾರಕ್ಕೊಮ್ಮೆ ಪಾಳಿ ಬದಲಾಗುವ ಹೊತ್ತಿಗೆ ಶಾಪಿಗೆ ಇಳಿದು, ‘ಈ ವಾರ ಯಾವ ಕೆಲಸ ಹೆಚ್ಚು ಬೇಸರ ತಂತು?’ ಎಂದು ಒಬ್ಬೊಬ್ಬರನ್ನೇ ಕೇಳಿ. ನೋಟ್‌ಬುಕ್ಕಿನಲ್ಲಿ ನೀವೇ ಬರೆದುಕೊಳ್ಳಿ, ಮುಂದಿನ ವಾರ ಅದೇ ಜನಕ್ಕೆ ಏನಾಯಿತೆಂದು ತಿಳಿಸಿ. ರಾತ್ರಿ ಪಾಳಿಯವರನ್ನು ಮರೆಯಬೇಡಿ.