ಮನೆಮಾತಿನ ಅಕ್ಷರಾಭ್ಯಾಸ

ಹೊಸಪೇಟೆ, ಕಂಪ್ಲಿಗಳಲ್ಲಿ ಮನೆಯೊಳಗೆ ತೆಲುಗು ಆಡುತ್ತ, ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳುಂಟು. ಅವರು ತೆಲುಗಿನ ಓದುಬರಹವನ್ನು ಶೀಘ್ರವಾಗಿ ಕಲಿಯಬಲ್ಲರು. ಪದಗಳೂ ವಾಕ್ಯರಚನೆಯೂ ಅವರ ಕಿವಿಗೆ ಮೊದಲೇ ಪರಿಚಿತ. ಲಿಪಿಯೂ ತೀರ ಹೊಸದಲ್ಲ; ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಪ್ರಾಚೀನ ಲಿಪಿಯಿಂದ ಕವಲೊಡೆದವು. ಹಲವು ಅಕ್ಷರಗಳು ಇಂದಿಗೂ ಪರಸ್ಪರ ಹೋಲುತ್ತವೆ. ತಲೆಕಟ್ಟಿನ ಆಕಾರವನ್ನೂ 'ಕ', 'ತ', 'ಹ' ಮೊದಲಾದ ಅಕ್ಷರಗಳ ಭೇದವನ್ನೂ ವಿಶೇಷವಾಗಿ ಗಮನಿಸಬೇಕು.

ಆದರೆ ಈ ವೇಗದಲ್ಲಿ ಒಂದು ತೊಡಕೂ ಉಂಟು. 'ಬಂದನು' ಎಂಬರ್ಥದಲ್ಲಿ 'ಒಚ್ಚಾಡು' ಎಂದು ಕೇಳಿ ಬೆಳೆದ ಮಗು ಹಾಗೆಯೇ ಬರೆಯುತ್ತದೆ. ಶಿಷ್ಟ ಬರಹದ ರೂಪವಾದರೋ 'ವಚ್ಚಾಡು'. ಆದುದರಿಂದ ಬಲ್ಲ ಮಾತನ್ನೂ ಅಕ್ಷರಶಃ ನೋಡಿ ಬರೆದು ಅಭ್ಯಾಸಮಾಡಬೇಕು. ಹಾಗೆ ಕಲಿತವರು ಅಜ್ಜಿಗೆ ಬಂದ ಪತ್ರವನ್ನು ಓದಿ ಹೇಳಬಲ್ಲರು. ಹಂಪಿಯಲ್ಲಿ ಆಳಿದ ಕೃಷ್ಣದೇವರಾಯನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದ ಕಡೆಗೂ ಕ್ರಮೇಣ ಸಾಗಬಲ್ಲರು.